ಬಲಗಾಲಿನ ಗೇರ್

ವೇಣು ಬಗ್ಗೆ ನಮ್ಮ ಕಡೆ ಎರಡು ಮಾತು ಓಡಾಡುತ್ತಿವೆ. ಒಂದು, ಅವನಿಗೆ ಸೊಕ್ಕು ಜಾಸ್ತಿಯಾಗಿತ್ತು, ಅದಕ್ಕೇ ಬಿದ್ದ ಅನ್ನುವುದು. ಇನ್ನೊಂದು, ಆ ಹಳೇ ಬುಲೆಟ್ಟಿಗೆ ಏನೋ ದೋಷವಿತ್ತು, ಮುಟ್ಟಿದವರನ್ನು ಅದು ಬಿಡುವುದಿಲ್ಲ ಅನ್ನುವುದು. ಎರಡೂ ಸುಳ್ಳು. ಆ ಗಾಡಿಯ ಒಂದೊಂದು ನಟ್ಟನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದವನು ನಾನು. ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತು ವರ್ಷ ಮೆಕ್ಯಾನಿಕ್ ಅಂಗಡಿ ಇಟ್ಟಿದ್ದ ಶ್ರೀನಿವಾಸಪ್ಪ ನಾನೇ. ಗಾಡಿಯಲ್ಲಿ ದೋಷವಿರಲಿಲ್ಲ. ವೇಣುವಿಗೆ ಸೊಕ್ಕು ಅನ್ನುವವರು ಅವನ ಜೊತೆ ಒಂದು ಟೀ ಕುಡಿದವರಲ್ಲ. ಇದನ್ನು ಟೀ ಅಂಗಡಿಯಲ್ಲಿ ಎದ್ದು ನಿಂತು ಹೇಳುವ ಧೈರ್ಯ ನನಗೆ ಈವರೆಗೆ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವೇಣು ಕ್ಯಾಸಂಬಳ್ಳಿ ಕಡೆಯವನು. ತಂದೆ ಬೇಗ ಹೋದ. ತಾಯಿ ಕನಕಮ್ಮ ಕೂಲಿಗೆ ಹೋಗುತ್ತ ಎರಡು ಹಸು ಕಟ್ಟಿಕೊಂಡಿದ್ದಳು. ಅವರ ಮನೆಯಿದ್ದದ್ದು ಊರಿಂದ ಆಚೆ, ಗುಡ್ಡದ ಮಗ್ಗುಲಲ್ಲಿ. ಅಲ್ಲಿ ಇದ್ದ ಹತ್ತು ಹನ್ನೆರಡು ಮನೆಗಳ ಹಾಲನ್ನೆಲ್ಲ ಸೇರಿಸಿ ಕೆಳಗಿನ ಡೈರಿಗೆ ಹಾಕುವ ಕೆಲಸ ವೇಣುವಿನದು. ಒಂದು ಹಳೇ ಟಿವಿಎಸ್ ಗಾಡಿ, ಅದರ ಎರಡು ಮಗ್ಗುಲಿಗೂ ಒಂದೊಂದು ಹಾಲಿನ ಕ್ಯಾನು. ದಾರಿ ಅಂತ ಕರೆಯುತ್ತಿದ್ದರು, ಆದರೆ ಅದು ದಾರಿಯಲ್ಲ, ಬಂಡೆ. ಬಂಡೆಯ ಮೇಲೆ ಬಂಡೆ. ಆ ಇಳಿಜಾರಿನಲ್ಲಿ ಎಲ್ಲಾದರೂ ಹೆದರಿ ಕಾಲು ಕೆಳಗಿಟ್ಟರೆ ಕ್ಯಾನು ಮೊಣಕಾಲಿಗೆ ಬಡಿದು ಗಾಡಿ ಆ ಕಡೆಗೇ ವಾಲುತ್ತದೆ, ಮುಚ್ಚಳ ಹಾರಿ ಹತ್ತು ಮನೆಯ ಹಾಲು ಮಣ್ಣುಪಾಲು. ಚೆಲ್ಲಿದ ದಿನ ಕನಕಮ್ಮನಿಂದ ಒಂದು ಮಂಗಳಾರತಿ, ಆಮೇಲೆ ಹತ್ತು ಮನೆಯ ಹೆಂಗಸರಿಂದ ಹತ್ತು ಮಂಗಳಾರತಿ. ಹಾಗಾಗಿ ಕಾಲು ಕೆಳಗಿಡದೆ ಓಡಿಸುವುದನ್ನು ಅವನು ಮೀಸೆ ಮೂಡುವ ಮೊದಲೇ ಕಲಿತುಬಿಟ್ಟ. ದಾರಿಗೆ ದನ ಅಡ್ಡ ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಹ್ಯಾಂಡಲನ್ನು ಅತ್ತಿತ್ತ ಆಡಿಸುತ್ತ, ಎರಡೂ ಕಾಲು ಮೇಲೇ ಇಟ್ಟುಕೊಂಡು ಅದು ದಾಟುವವರೆಗೆ ಕಾಯುತ್ತಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ.

ಹಾಲಿನಿಂದ ಹೊಟ್ಟೆ ತುಂಬುವುದಿಲ್ಲ ಅಂತಾದಾಗ ನಮ್ಮ ಕಡೆಯ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ, ರೈಲು ಹತ್ತಿದ. ಬಂಗಾರಪೇಟೆಯಿಂದ ಬೆಳಗಿನ ಗಾಡಿ, ವೈಟ್‌ಫೀಲ್ಡಿನಲ್ಲಿ ಒಂದು ಗೋಡೌನು, ಇಡೀ ದಿನ ನಿಂತು ಪೆಟ್ಟಿಗೆ ಎತ್ತಿ ಇಳಿಸುವ ಕೆಲಸ. ಅವನು ಹೊರಡುವಾಗ ಮಗಳು ನವ್ಯ ಎದ್ದಿರುತ್ತಿರಲಿಲ್ಲ, ಬರುವಾಗ ಮಲಗಿರುತ್ತಿದ್ದಳು. ಹೆಂಡತಿ ಶಶಿರೇಖ ಹಸು ನೋಡಿಕೊಂಡು, ಸಿಕ್ಕಿದ ದಿನ ಕೂಲಿಗೂ ಹೋಗಿ ಮನೆ ನಡೆಸುತ್ತಿದ್ದಳು. ಎಂಟು ವರ್ಷ ಹೀಗೇ ಕಳೆಯಿತು.

ಇದರ ನಡುವೆ ನರೇಶ್ ಸಾರ್ ಬಂದರು. ಬೆಂಗಳೂರಿನವರು, ಕಾಮಸಮುದ್ರದ ಹತ್ತಿರ ಯಾರಿಗೂ ಬೇಡವಾದ ಬಂಡೆಯ ಗುಡ್ಡವೊಂದನ್ನು ಕೊಂಡಿದ್ದರು. ಅಲ್ಲಿ ಜನ ಬಂದು ಬೈಕ್ ಓಡಿಸಿ ಆಡುವಂಥ ಪಾರ್ಕೊಂದನ್ನು ಕಟ್ಟುತ್ತೇನೆ ಅಂತಿದ್ದರು. ಅವರ ಹತ್ತಿರ ಸ್ಪೇನ್ ದೇಶದ ಗಾಡಿಯೊಂದಿತ್ತು. ಬಂಡೆ ಹತ್ತುವುದಕ್ಕೇ ಮಾಡಿದ ಗಾಡಿ, ಅದನ್ನು ಟ್ರಯಲ್ಸ್ ಬೈಕ್ ಅನ್ನುತ್ತಾರೆ. ಆಟ ಸುಲಭ: ಬಂಡೆ, ಹಳ್ಳ, ಮರದ ದಿಮ್ಮಿ, ಇವನ್ನೆಲ್ಲ ದಾಟಬೇಕು. ವೇಗದ ಮಾತೇ ಇಲ್ಲ. ಕಾಲು ನೆಲಕ್ಕೆ ತಾಗಿದರೆ ತಪ್ಪು, ತಾಗದಿದ್ದರೆ ಗೆಲುವು. ನಿಂತೇ ಓಡಿಸುವುದರಿಂದ ಗಾಡಿಗೆ ಸೀಟೇ ಇಲ್ಲ. ಶಶಿರೇಖ ಮೊದಲ ಸಲ ಅದನ್ನು ನೋಡಿ, "ಕೂರಕ್ಕೆ ಜಾಗಾನೇ ಇಲ್ದಿರೋ ಗಾಡಿಗೆ ಅಷ್ಟು ದುಡ್ಡು ಕೊಟ್ಟವ್ರೆ, ಇವ್ರಿಗೆ ಬುದ್ಧಿ ಯೋಳೋರು ಯಾರೂ ಇಲ್ವಾ" ಅಂದಳು.

ಒಂದು ಭಾನುವಾರ ನರೇಶ್ ಸಾರ್ ತಮ್ಮ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಟಯರ್ ಪಂಕ್ಚರ್ ಮಾಡಿಕೊಂಡು ನನ್ನ ಅಂಗಡಿಗೆ ಬಂದರು. ಬಂಡೆ ಮೇಲೆ ಗಾಡಿ ಓಡಿಸುವವರು ಈ ಕಡೆ ಯಾರಾದರೂ ಇದ್ದಾರಾ ಎಂದು ಕೇಳಿದರು. ವೇಣು ಅಲ್ಲೇ ಕೂತು ಪೇಪರ್ ಓದುತ್ತಿದ್ದ. ಇವನಿದ್ದಾನೆ ನೋಡಿ ಅಂದೆ. ಆವತ್ತು ಸಾಯಂಕಾಲ ವೇಣು ಆ ಗಾಡಿಯಲ್ಲಿ ಆಳೆತ್ತರದ ಬಂಡೆ ಹತ್ತಿ ನಿಂತಾಗ ನರೇಶ್ ಸಾರ್ ಬಾಯಿ ತೆರೆದವರು ಮುಚ್ಚಲಿಲ್ಲ.

ಅಲ್ಲಿಂದ ಆರು ವರ್ಷ ಪ್ರತಿ ಭಾನುವಾರ ವೇಣು ಆ ಗಾಡಿಯ ಮೇಲಿದ್ದ. ಎಪ್ಪತ್ತು ಕಿಲೋ ತೂಕವೂ ಇಲ್ಲದ ಗಾಡಿ. ಒಂದು ಬೆರಳಲ್ಲಿ ಕ್ಲಚ್ ಹಿಡಿಯಬಹುದು, ನಿಂತಲ್ಲೇ ಹಿಂದಿನ ಚಕ್ರದ ಮೇಲೆ ಕುಪ್ಪಳಿಸಿ ಪಕ್ಕದ ಬಂಡೆಗೆ ಹೋಗಬಹುದು. ಬೆಂಗಳೂರು, ಪುಣೆ, ಕೊಯಮತ್ತೂರು ಎಂದು ಪಂದ್ಯಗಳಿಗೆ ಕರೆದುಕೊಂಡು ಹೋದರು. ಕಪ್ಪುಗಳು ಬಂದವು, ಎಲ್ಲವೂ ನರೇಶ್ ಸಾರ್ ಮನೆಯ ಗಾಜಿನ ಬೀರುವಿನಲ್ಲಿ ಕೂತವು. ವೇಣುವಿಗೆ ಟೀ ಶರ್ಟ್ ಸಿಕ್ಕಿತು. ನನಗೆ ಸಿಟ್ಟು ಬರುತ್ತಿತ್ತು. "ಒಂದು ಕಪ್ಪಾದ್ರೂ ಕೇಳ್ಲಾ" ಅಂದರೆ, "ಪಾರ್ಕ್ ಆಗ್ಲಿ ಬಿಡಣ್ಣ, ನಂಗೆ ಕೆಲ್ಸ ಕೊಡ್ತಾರೆ. ಕಪ್ ಮಡಗಕ್ಕೆ ನಮ್ಮನೇಲಿ ಎಲ್ಲೈತೆ ಜಾಗ" ಅಂತಿದ್ದ. ಅವನಿಗೆ ಬೇಕಾಗಿದ್ದದ್ದು ಅದೊಂದೇ. ಇಲ್ಲೇ ಒಂದು ಕೆಲಸ, ರೈಲು ಹತ್ತದ ಬದುಕು.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನರೇಶ್ ಸಾರ್ ಬುದ್ಧಿ ತಿರುಗಿತು. ಸ್ಪೇನ್ ಗಾಡಿಯ ಒಂದು ಪಾರ್ಟ್ ಹೋದರೆ ಮೂರು ತಿಂಗಳು ಕಾಯಬೇಕು, ಸಾಕಾಯಿತು ಅಂದರು. ಅದಲ್ಲದೆ ಈಗ ಹಳೇ ಗಾಡಿಯಲ್ಲಿ ಬಂಡೆ ಹತ್ತುವುದೇ ಫ್ಯಾಷನ್ನಂತೆ, ವಿದೇಶದಲ್ಲಿ ಅದಕ್ಕೇ ಬೇರೆ ಪಂದ್ಯಗಳಿವೆಯಂತೆ. ಆ ಸ್ಪೇನ್ ಗಾಡಿಯನ್ನು ಕೊಯಮತ್ತೂರಿನ ಯಾರಿಗೋ ಮಾರಿಬಿಟ್ಟರು. ಟೆಂಪೋಗೆ ಅದನ್ನು ಹತ್ತಿಸಿ ಹಗ್ಗ ಬಿಗಿದವನು ವೇಣುವೇ. ಹಗ್ಗ ಉಜ್ಜಿ ಪೇಂಟು ಹೋಗದಿರಲಿ ಎಂದು ತನ್ನ ಟವೆಲ್ಲನ್ನು ಅಡ್ಡ ಇಟ್ಟ. ಆಮೇಲೆ ನನ್ನ ಅಂಗಡಿಗೆ ಬಂದು ಎರಡು ಟೀ ಕುಡಿದು ಹೋದ.

ವಾರದೊಳಗೆ ಕಾಮಸಮುದ್ರದ ಕೋದಂಡಪ್ಪನ ಕೊಟ್ಟಿಗೆಯಿಂದ ಹಳೇ ಬುಲೆಟ್ ಒಂದನ್ನು ಎಳೆದು ತಂದರು. ಎಪ್ಪತ್ತೆರಡನೇ ಇಸವಿಯದು. ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದವು. ನಾನು ಇಪ್ಪತ್ತು ದಿನ ಅದರ ಜೊತೆ ಜಗಳ ಮಾಡಿದೆ. ಮಡ್‌ಗಾರ್ಡ್ ಎತ್ತರಿಸಿ, ಸೈಲೆನ್ಸರನ್ನು ಬಂಡೆಗೆ ತಾಗದಂತೆ ಮೇಲಕ್ಕೆ ತಿರುಗಿಸಿ, ಅಗಲವಾದ ಹ್ಯಾಂಡಲ್ ಹಾಕಿ ನಿಲ್ಲಿಸಿದೆ. ಬೇರೇನೂ ಬದಲಾಯಿಸುವಂತಿರಲಿಲ್ಲ. ಹಳೇ ಗಾಡಿ ಪಂದ್ಯದ ನಿಯಮವೇ ಹಾಗೆ, ಇಂಜಿನ್ನು, ಗೇರು, ಬ್ರೇಕು ಎಲ್ಲ ಒರಿಜಿನಲ್ ಇರಬೇಕು ಎಂದು ನರೇಶ್ ಸಾರ್ ನೂರು ಸಲ ಹೇಳಿದರು.

ಆಮೇಲೆ ನನ್ನ ಮುಂದೆಯೇ ವೇಣುವಿಗೆ ಮಾತು ಕೊಟ್ಟರು. "ಸಂಕ್ರಾಂತಿ ಆದ ಮೇಲಿನ ಭಾನುವಾರ ಪಾರ್ಕ್ ಓಪನಿಂಗ್. ಹಳೇ ಗಾಡಿಗಳ ಬಗ್ಗೆ ಗೊತ್ತಿರೋ ದೊಡ್ಡ ದೊಡ್ಡವರು ಬರ್ತಾರೆ. ಅವರ ಮುಂದೆ ಈ ಬುಲೆಟ್ಟಲ್ಲಿ ಏಳು ಬಂಡೆ, ಕಾಲು ಕೆಳಗಿಡದೆ ದಾಟು. ಸೋಮವಾರದಿಂದ ನೀನು ಇಲ್ಲಿ ಹೆಡ್ ಟ್ರೇನರ್. ತಿಂಗಳ ಸಂಬಳ, ಗೇಟ್ ಪಕ್ಕದಲ್ಲಿ ಮನೆ."

"ಹಳೇದ್ರಲ್ಲಿ ಆಗ್ದಿದ್ರೆ ಸಾರ್?" ಅಂದ ವೇಣು.

"ಆಗದಿದ್ರೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ. ಇದು ನನ್ನ ಹೆಸರಿನ ಪ್ರಶ್ನೆ" ಅಂದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಈಗಿನ ಬೈಕುಗಳಿಗೆಲ್ಲ ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು. ಹಳೇ ಬುಲೆಟ್ಟಿಗೆ ತಿರುಗಾಮುರುಗಾ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲನೇ ಗೇರಿಗೆ ಮೇಲಕ್ಕೆ ಎತ್ತಬೇಕು, ಉಳಿದವಕ್ಕೆಲ್ಲ ಕೆಳಗೆ ತುಳಿಯಬೇಕು. ರಸ್ತೆಯಲ್ಲಿ ಓಡಿಸುವವನಿಗೆ ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ. ಬಂಡೆಯ ಮೇಲೆ ಯೋಚನೆ ಮಾಡಲು ಸಮಯವಿರುವುದಿಲ್ಲ, ಅಲ್ಲಿ ತಲೆಗಿಂತ ಮೊದಲು ಕಾಲು ಕೆಲಸ ಮಾಡುತ್ತದೆ. ವೇಣುವಿನ ಬಲಗಾಲಿಗೆ ವರ್ಷಗಟ್ಟಲೆಯಿಂದ ಗೊತ್ತಿದ್ದದ್ದು ಬ್ರೇಕು ಮಾತ್ರ.

ಮೊದಲ ದಿನ ಅವನ ಪಾಡು ನೋಡಲಾಗಲಿಲ್ಲ. ಕಿಕ್ ಹೊಡೆದರೆ ಗಾಡಿ ತಿರುಗಿ ಒದೆಯಿತು. ನಿಲ್ಲಿಸಲು ಹೋಗಿ ಗೇರು ಹಾಕಿದ, ಗೇರು ಹಾಕಲು ಹೋಗಿ ನಿಲ್ಲಿಸಿದ. ಬೆವರು ಒರೆಸಿಕೊಳ್ಳುತ್ತ, "ಇದು ಗಾಡಿಯಲ್ಲ ಕಣಣ್ಣಾ, ಎಮ್ಮೆ. ಎಳೆದ ಕಡೆ ಬರಲ್ಲ, ಬಿಟ್ಟ ಕಡೆ ನಿಲ್ಲಲ್ಲ" ಅಂದ. ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಕೇಳಿದ.

"ಶೀನಣ್ಣಾ, ನೀನು ಹುಡುಗ್ರ ಬುಲೆಟ್ಗಳಿಗೆ ಅಡ್ಡರಾಡು ಹಾಕಿ ಗೇರ್ನ ಎಡಕ್ಕೆ ತಕ್ಕೊಂಡ್ ಬತ್ತೀಯಲ್ಲ. ಇದಕ್ಕೂ ಹಾಕ್ಬಿಡು. ಬ್ರೇಕ್ ಈ ಕಡೆ ಬಂದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಹಾಕಬಹುದಿತ್ತು. ಅರ್ಧ ದಿನದ ಕೆಲಸ. ಅಂಥ ರಾಡನ್ನು ನಾನು ಎಷ್ಟು ಗಾಡಿಗೆ ಹಾಕಿದ್ದೇನೋ ನನಗೇ ನೆನಪಿಲ್ಲ. ಆದರೆ ಅದಕ್ಕೆ ಎರಡು ದಿನ ಮೊದಲು ನರೇಶ್ ಸಾರ್ ನನ್ನನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಹೊಸ ಶೆಡ್ಡೊಂದನ್ನು ತೋರಿಸಿದ್ದರು. ಗೋಡೆ ತುಂಬ ಸ್ಪ್ಯಾನರ್‌ಗಳು ಸಾಲಾಗಿ ನೇತಾಡುತ್ತಿದ್ದವು, ಕಾಂಕ್ರೀಟ್ ನೆಲ, ಫ್ಯಾನು. "ಇದು ನಿಮ್ಮ ವರ್ಕ್‌ಶಾಪ್ ಶ್ರೀನಿವಾಸಪ್ಪ. ಪರ್ಮನೆಂಟ್ ಕೆಲಸ. ಗಾಡಿ ಮಾತ್ರ ಒರಿಜಿನಲ್ ಇರಬೇಕು. ವೇಣು ಆ ರಾಡ್ ಕೇಳೇ ಕೇಳ್ತಾನೆ. ನಾನು ಬೇಡ ಅಂದ್ರೆ ಬೇಜಾರ್ ಮಾಡ್ಕೋತಾನೆ. ಈ ಇಂಜಿನ್‌ಗೆ ಅದು ಆಗಲ್ಲ ಅಂತ ನೀವೇ ಹೇಳಿಬಿಡಿ, ನಿಮ್ಮ ಮಾತು ಕೇಳ್ತಾನೆ" ಅಂದರು.

ಪರ್ಮನೆಂಟ್ ಅನ್ನುವ ಮಾತಿಗೆ ನನ್ನ ಮೈ ಜುಮ್ಮೆಂದಿತು. ಯಾಕೆಂದರೆ ಅದು ನನ್ನ ಕೈಗೆ ಬಂದು ಬಾಯಿಗೆ ಬರದೆ ಹೋದದ್ದು. ನಮ್ಮೂರ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ನಾನು ಅಪ್ರೆಂಟಿಸ್ ಆಗಿದ್ದೆ. ಇನ್ನೆರಡು ತಿಂಗಳಿಗೆ ಕೆಲಸ ಖಾಯಂ ಎಂದು ಹೇಳಿದ್ದರು. ಅಷ್ಟರಲ್ಲಿ ಗಣಿಯೇ ಮುಚ್ಚಿಹೋಯಿತು. ಆಮೇಲೆ ಇಪ್ಪತ್ತು ವರ್ಷ ಮೋರಿಯ ಪಕ್ಕ, ತಗಡಿನ ಕೆಳಗೆ, ಕುಕ್ಕುರುಗಾಲಲ್ಲಿ ಕೂತು ಊರವರ ಗಾಡಿ ತಿಕ್ಕಿದ್ದೇನೆ. ಕ್ಷಮಿಸಲಿ ಎಂದು ಇದನ್ನೆಲ್ಲ ಹೇಳುತ್ತಿಲ್ಲ. ಆ ಶೆಡ್ಡಿನಲ್ಲಿ ಫ್ಯಾನಿನ ಕೆಳಗೆ ನಿಂತಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುತ್ತಿದ್ದೇನೆ.

ವೇಣುವಿಗೆ ನಾನು ಹೇಳಿದ್ದು ಇಷ್ಟು: "ಇದರ ಇಂಜಿನ್ ಕೇಸಿಂಗು ಹಳೇದು ಕಣ್ಲಾ. ತೂತು ಹೊಡೆಯಕ್ಕೆ ಓದ್ರೆ ಬಿರುಕು ಬಿಡ್ತದೆ. ಆಗಾಕಿಲ್ಲ."

ಅವನು ನನ್ನ ಮುಖ ನೋಡಿದ. ಸ್ವಲ್ಪ ಹೊತ್ತು ನೋಡಿದ. "ಆಗಾಕಿಲ್ವಾ? ಸರಿ ಬಿಡಣ್ಣ" ಅಂದ.

ಮುಂದಿನ ನಲವತ್ತು ದಿನ ಅವನು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಗೋಡೌನಿನಲ್ಲಿ ರಜಾ ಕೇಳಿದ. ಅಷ್ಟು ದಿನ ರಜಾ ಕೊಡಲ್ಲ ಅಂದರು, ಹಾಗಿದ್ದರೆ ಬಿಡ್ತೀನಿ ಅಂದ. ಬೇರೆ ಬೈಕು ಮುಟ್ಟಿದರೆ ಕಾಲು ಹಳೇ ಚಾಳಿಗೆ ಹೋಗುತ್ತದೆ ಎಂದು ಮನೆಯ ಗಾಡಿಯನ್ನು ಬೇರೆಯವರ ಹಟ್ಟಿಯಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ, ಬಸ್ಸಿಲ್ಲದಾಗ ನಡೆದು, ಕಾಮಸಮುದ್ರಕ್ಕೆ ಬರುತ್ತಿದ್ದ. ಮನೆಯಲ್ಲಿ ಬೆಂಚಿನ ಮೇಲೆ ಕೂತು ಎರಡು ಇಟ್ಟಿಗೆ ಇಟ್ಟುಕೊಂಡು ಎಡಗಾಲಲ್ಲಿ ತುಳಿಯುವುದು, ಬಲಗಾಲಲ್ಲಿ ಎತ್ತುವುದು. ಊಟ ಮಾಡುವಾಗಲೂ ಅದೇ. ಶಶಿರೇಖ, ಬ್ರೇಕಿನ ಕಾಲು ಯಾವುದು ಎಂದು ಮರೆಯದಿರಲಿ ಅಂತ ನವ್ಯಳ ಗೆಜ್ಜೆಯನ್ನು ಅವನ ಎಡಗಾಲಿಗೆ ಕಟ್ಟಿ, "ಡ್ಯಾನ್ಸ್ ಕ್ಲಾಸಿಗೂ ಸೇರ್ಕೊಂಡ್ಬಿಡು" ಎಂದು ಗೇಲಿ ಮಾಡುತ್ತಿದ್ದಳು. ಅವಳು ಆ ದಿನಗಳಲ್ಲಿ ನಗುತ್ತಿದ್ದಷ್ಟು ನಾನು ಮೊದಲು ನೋಡಿರಲಿಲ್ಲ. ಪಾರ್ಕಿನ ಗೇಟ್ ಪಕ್ಕದ ಮನೆಗೆ ಹಸು ಕಟ್ಟಲು ಜಾಗವಿದೆಯಾ ಎಂದು ನನ್ನನ್ನು ಎರಡು ಸಲ ಕೇಳಿದಳು.

ಹಟ ಮಾಡಿ ಕಲಿತ. ಸುಮ್ಮನೆ ಕಲಿಯಲಿಲ್ಲ, ಆ ಗಾಡಿಯನ್ನು ಇಷ್ಟಪಡಲು ಶುರು ಮಾಡಿದ. ಹೊಸ ಗಾಡಿಯಲ್ಲಿ ತಪ್ಪು ಜಾಗದಲ್ಲಿ ನಿಂತರೂ ಕುಪ್ಪಳಿಸಿ ಸರಿಮಾಡಿಕೊಳ್ಳಬಹುದಿತ್ತು. ಇದರಲ್ಲಿ ಕುಪ್ಪಳಿಸುವ ಮಾತೇ ಇಲ್ಲ, ಅದರ ಎರಡರಷ್ಟಕ್ಕಿಂತ ಹೆಚ್ಚು ತೂಕ. ಬಂಡೆಯನ್ನು ಮೊದಲು ನಡೆದು ನೋಡಬೇಕು, ಚಕ್ರ ಎಲ್ಲಿ ಇಡಬೇಕೆಂದು ಮೊದಲೇ ತೀರ್ಮಾನಿಸಬೇಕು, ಆಮೇಲೆ ಡುಗು ಡುಗು ಎನ್ನುತ್ತ ಒಂದೇ ಸಮ ಹತ್ತಬೇಕು. ಒಂದು ಮಧ್ಯಾಹ್ನ ಮುದ್ದೆ ಉಣ್ಣುತ್ತ ವೇಣು ಅಂದ, "ಹೊಸದ್ರಲ್ಲಿ ನಾನು ಬಂಡೆ ಮೇಲೆ ಜೋರು ಮಾಡ್ತಿದ್ದೆ. ಇದ್ರಲ್ಲಿ ಬಂಡೆನ ಕೇಳ್ಕೊಂಡು ಓಗ್ಬೇಕು. ಇದೇ ಸರಿ ಅನ್ನಿಸ್ತದೆ ಕಣಣ್ಣಾ." ಮೂವತ್ತು ದಿನಕ್ಕೆ ಏಳೂ ಬಂಡೆ ದಾಟಿದ. ನನಗೆ ಸಮಾಧಾನವಾಯಿತು. ರಾಡಿಲ್ಲದೇನೇ ಆಯಿತಲ್ಲ, ನಾನು ಹೇಳಿದ ಸುಳ್ಳಿನಿಂದ ಯಾರಿಗೇನು ನಷ್ಟವಾಯಿತು ಎಂದುಕೊಂಡೆ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಆ ಭಾನುವಾರ ಶಾಮಿಯಾನ ಹಾಕಿದ್ದರು. ಟೋಪಿ, ಕಪ್ಪು ಕನ್ನಡಕದ ಜನ ಬುಲೆಟ್ಟಿನ ಸುತ್ತ ಬಗ್ಗಿ ಬಗ್ಗಿ ನೋಡಿ, "ಗೇರ್ ಬಲಗಡೆ, ಒರಿಜಿನಲ್" ಎಂದು ತಲೆಯಾಡಿಸಿದರು. ನರೇಶ್ ಸಾರ್ ಮುಖ ಅರಳಿತು. ನನ್ನ ಬೆನ್ನು ತಟ್ಟಿದರು.

ವೇಣು ಆರು ಬಂಡೆ ದಾಟಿದ. ನಾನು ಹೊಗಳುತ್ತಿಲ್ಲ, ಅಲ್ಲಿದ್ದವರೆಲ್ಲ ನೋಡಿದ್ದಾರೆ. ಒಂದು ಕಡೆ ಕೂಡ ಅವನ ಕಾಲು ನೆಲದ ಹತ್ತಿರ ಹೋಗಲಿಲ್ಲ. ಶಶಿರೇಖ ನವ್ಯಳನ್ನು ಸೊಂಟದ ಮೇಲೆ ಎತ್ತಿಕೊಂಡು, ಏಳು ವರ್ಷದ ಮಗಳ ಭಾರವೂ ತಿಳಿಯದೆ, ತುದಿಗಾಲಲ್ಲಿ ನಿಂತಿದ್ದಳು.

ಏಳನೆಯದು ಇಳಿಯುವ ಬಂಡೆ. ಎರಡಾಳು ಎತ್ತರ, ಕಡಿದಾದ ಇಳಿಜಾರು. ಮೊದಲನೇ ಗೇರಿನಲ್ಲಿ, ಇಂಜಿನ್ನಿನ ಹಿಡಿತದಲ್ಲೇ, ಎಡಗಾಲಿನ ಬ್ರೇಕನ್ನು ಹಗುರವಾಗಿ ಮುಟ್ಟುತ್ತ ಇಳಿಯಬೇಕು. ಅರ್ಧ ಇಳಿದಿದ್ದ. ಆಗ ಬಂದಿದ್ದವರಲ್ಲಿ ಒಬ್ಬ ಫೋನು ಹಿಡಿದು, ವಿಡಿಯೋ ಚೆನ್ನಾಗಿ ಬರಲಿ ಎಂದು ಜನ ಬರದಂತೆ ಕಟ್ಟಿದ್ದ ಹಗ್ಗ ದಾಟಿ ಸೀದಾ ಬಂಡೆಯ ಬುಡಕ್ಕೆ ಬಂದು ನಿಂತ. ವೇಣುವಿನ ಕಣ್ಣಿಗೆ ಮನುಷ್ಯ ಕಂಡ. ಬಲಗಾಲು ಬಲವಾಗಿ ತುಳಿಯಿತು.

ನನಗೆ ಆ ಸದ್ದು ಕೇಳಿಸಿತು. ಮೊದಲನೇ ಗೇರು ಬಿಟ್ಟುಕೊಂಡು ಗಾಡಿ ನ್ಯೂಟ್ರಲ್ಲಿಗೆ ಬಿದ್ದ ಸದ್ದು. ಹಿಡಿದಿದ್ದ ಇಂಜಿನ್ ಕೈಬಿಟ್ಟಿತು, ಅಷ್ಟು ಭಾರದ ಗಾಡಿ ಸಡಿಲಾಗಿ ಉರುಳತೊಡಗಿತು. ಕೆಳಗಿದ್ದವನ ಮೇಲೆ ಹೋಗಬಾರದು ಎಂದು ವೇಣು ಹ್ಯಾಂಡಲನ್ನು ಪಕ್ಕಕ್ಕೆ ತಿರುಗಿಸಿ ಗಾಡಿಯ ಸಮೇತ ಬಂಡೆಯ ಅಂಚಿನಿಂದ ಬಿದ್ದ. ಬಲಗಾಲಿನ ಪಾದ ಬಂಡೆಗೂ ಗಾಡಿಗೂ ನಡುವೆ ಸಿಕ್ಕಿತು. ನಾವು ನಾಲ್ಕು ಜನ ಸೇರಿ ಎತ್ತಿದೆವು. ಓಡಿ ಬಂದ ನರೇಶ್ ಸಾರ್ ಮೊದಲು ಪೆಟ್ರೋಲ್ ಟ್ಯಾಂಕ್ ಮುಟ್ಟಿ ನೋಡಿದರು, ನೆಗ್ಗಿದೆಯಾ ಎಂದು. ಆಮೇಲೆ ವೇಣುವನ್ನು ನೋಡಿದರು. ಫೋನಿನವನಿಗೆ ಒಂದು ಗೀರೂ ಆಗಿರಲಿಲ್ಲ. ಅವನ ಮನೆ ಹಾಳಾಗ, ಅಷ್ಟೆಲ್ಲ ಆದರೂ ಅವನು ಫೋನು ಕೆಳಗಿಳಿಸಿರಲಿಲ್ಲ.

ಗೂಡ್ಸ್ ಆಟೋದ ಹಿಂದೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆವು. ಅವನ ತಲೆ ಶಶಿರೇಖಳ ತೊಡೆಯ ಮೇಲಿತ್ತು, ಕಾಲು ನನ್ನ ಕೈಯಲ್ಲಿತ್ತು. ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳಿದ. "ನಲವತ್ತು ದಿನ ಕಲಿಸಿದ್ದೆ ಅಣ್ಣಾ ಈ ಕಾಲಿಗೆ. ಕೊನೇಗೆ ಹಳೇದೇ ಮಾಡ್ತು."

ಎರಡು ಆಪರೇಷನ್ ಆಯಿತು. ಪಾದ ಉಳಿಯಿತು, ಆದರೆ ಮಡಚುವುದಿಲ್ಲ. ಒಂದು ಗಂಟೆ ನಿಂತರೆ ಬಾವು ಬರುತ್ತದೆ. ನರೇಶ್ ಸಾರ್ ಒಂದು ಸಲ ಹಣ್ಣು ತಂದು ಕೊಟ್ಟು, "ಓಡಿಸೋನಿಗೆ ತನ್ನ ಗಾಡಿ ಗೊತ್ತಿರಬೇಕಲ್ವಾ ವೇಣು" ಎಂದು ಹೇಳಿ ಹೋದರು. ಟ್ರೇನರ್ ಕೆಲಸ ಇಲ್ಲವಾಯಿತು. ದಿನವಿಡೀ ನಿಲ್ಲುವ ಗೋಡೌನ್ ಕೆಲಸವಂತೂ ಮೊದಲೇ ಹೋಗಿತ್ತು. ಈಗ ಬೆಳಗಿನ ರೈಲಿಗೆ ಶಶಿರೇಖ ಹೋಗುತ್ತಾಳೆ, ವೈಟ್‌ಫೀಲ್ಡಿನ ಯಾವುದೋ ಕಟ್ಟಡದಲ್ಲಿ ಹೌಸ್‌ಕೀಪಿಂಗ್. ಮಗಳಿಗೆ ಜಡೆ ಹಾಕುವುದು, ಹಸುವಿಗೆ ಹುಲ್ಲು ಹಾಕುವುದು, ಸಾಯಂಕಾಲ ಸಾರು ಕಾಯಿಸಿಡುವುದು ವೇಣುವಿನ ಪಾಲಿಗೆ ಬಂದಿದೆ.

ನಾನು ಆ ಸೋಮವಾರವೇ ಶೆಡ್ಡಿನ ಕೆಲಸಕ್ಕೆ ಸೇರಿಕೊಂಡೆ. ಸೇರದೆ ಇರಬಹುದಿತ್ತು. ಸೇರಿದೆ.

ಎರಡು ತಿಂಗಳಾದ ಮೇಲೆ ನರೇಶ್ ಸಾರ್ ಬೆಂಗಳೂರಿನಿಂದ ಹೊಸ ಟ್ರೇನರ್ ಒಬ್ಬನನ್ನು ಕರೆತಂದರು. ಒಳ್ಳೆಯ ಹುಡುಗನೇ. ಬುಲೆಟ್ ಹತ್ತಿ ಮೂರು ಸಲ ಬಿದ್ದ, ನಾಲ್ಕನೇ ಸಲ ಇದರಲ್ಲಿ ನನ್ನ ಕೈಲಾಗಲ್ಲ ಅಂದ. ನರೇಶ್ ಸಾರ್ ಶೆಡ್ಡಿಗೆ ಬಂದು, "ಶ್ರೀನಿವಾಸಪ್ಪ, ಆ ಅಡ್ಡರಾಡು ಹಾಕಿಬಿಡಿ" ಅಂದರು.

"ಒರಿಜಿನಲ್ ಇರಬೇಕು ಅಂದಿದ್ರಿ ಸಾರ್."

"ನೋಡೋರೆಲ್ಲ ನೋಡಿ ಆಯ್ತಲ್ಲ. ದಿನಾ ಓಡಿಸೋಕೆ ಯಾಕೆ ಅದೆಲ್ಲ" ಎಂದು ಫೋನು ಕಿವಿಗಿಟ್ಟುಕೊಂಡು ಹೊರಟರು.

ಹಾಕಿದೆ. ಬೆಳಗ್ಗೆ ಶುರು ಮಾಡಿದ್ದು ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಯಿತು. ಬಿರುಕು ಬಿಡಲಿಲ್ಲ. ಕೈ ನಡುಗಿತು ಎಂದು ಬರೆದರೆ ಸುಳ್ಳಾಗುತ್ತದೆ, ಕೈಗೆ ರೂಢಿಯಾದ ಕೆಲಸ. ಮುಗಿಸಿ ಸೋಪು ಹಾಕಿ ಕೈ ತೊಳೆದು ಬುತ್ತಿ ಬಿಚ್ಚಿದೆ. ಹಾಗೇ ಮುಚ್ಚಿಟ್ಟು ಬಸ್ ಹತ್ತಿ ಸೀದಾ ವೇಣು ಮನೆಗೆ ಹೋದೆ.

ಅವನು ಜಗಲಿಯಲ್ಲಿ ಕಾಲು ಚಾಚಿಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದ. "ಬಾರಣ್ಣಾ" ಅಂದ. ಕುಡಿಯಲು ನೀರು ತರಲು ಏಳಹೋದ, ಬೇಡ ಕೂರು ಅಂದೆ. ನಿಂತೇ ಇದ್ದು ಎಲ್ಲ ಹೇಳಿದೆ. ರಾಡು ಹಾಕಬಹುದಿತ್ತು, ನಾನು ಹೇಳಿದ್ದು ಸುಳ್ಳು, ನರೇಶ್ ಸಾರ್ ಹೇಳಿಸಿದ್ದು, ನನಗೆ ಕೆಲಸದ ಆಸೆ, ಇವತ್ತು ಅದೇ ಗಾಡಿಗೆ ಅದೇ ರಾಡು ಹಾಕಿ ಬಂದಿದ್ದೇನೆ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಅವನು ಏನಾದರೂ ಎತ್ತಿ ಎಸೆಯಲಿ ಎಂದು ಕಾದೆ. ಎಸೆದಿದ್ದರೆ ಒಳ್ಳೆಯದಾಗುತ್ತಿತ್ತು.

ವೇಣು ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದ. "ಗೊತ್ತಿತ್ತು" ಅಂದ.

"ಏನ್ ಗೊತ್ತಿತ್ತು?"

"ನೀನು ಆಗಾಕಿಲ್ಲ ಅಂದ್ಯಲ್ಲ, ಅದರ ಮಾರ್ನೇ ದಿನ ಬಂಗಾರಪೇಟೇಲಿ ಸೆಲ್ವರಾಜ್ ಮೆಕ್ಯಾನಿಕ್ಕನ್ನ ಕೇಳ್ದೆ. ಯಾವ ಬಿರುಕೂ ಬಿಡಲ್ಲ, ಗಾಡಿ ತಕ್ಕೊಂಬಾ, ಇವತ್ತೇ ಆಕ್ಕೊಡ್ತೀನಿ ಅಂದ."

ಜಗಲಿಯ ಅಂಚಿಗೆ ಕೂತೆ. "ಮತ್ತೆ ಯಾಕ್ಲಾ ಆಕಿಸ್ಲಿಲ್ಲ?"

"ಆಕಿಸಿದ್ರೆ ನೀನು ಸುಳ್ಳು ಯೋಳಿದ್ದು ಸಾರ್ ಮುಂದೆ ಬಯಲಾಗೋದು ಅಂದ್ಕೊಂಡೆ. ಅವ್ರೇ ಯೋಳಿಸಿದ್ರು ಅಂತ ನಂಗೇನ್ ಗೊತ್ತು. ನೀನು ನಿನ್ನ ಯಾವುದೋ ಕಷ್ಟಕ್ಕೆ ಯೋಳಿರ್ತೀಯ ಅಂದ್ಕೊಂಡೆ." ಇನ್ನೊಂದು ಕಾಯಿ ಬಿಡಿಸಿದ. "ಮತ್ತೆ ಸಿಟ್ಟೂ ಬಂತು ಕಣಣ್ಣಾ. ಹದಿನಾಲ್ಕು ವರ್ಷದಿಂದ ನಿನ್ ಅಂಗಡೀಲೇ ಬಿದ್ದಿದ್ದೋನು ನಾನು. ನಂಗೇ ಸುಳ್ಳು ಯೋಳ್ದ, ಇವನ ಮುಂದೆ ಎರಡ್ನೇ ಸಲ ಕೈ ಒಡ್ಡಲ್ಲ, ರಾಡಿಲ್ದೇನೇ ದಾಟಿ ತೋರಿಸ್ತೀನಿ ಅಂತ. ದಾಟಿದ್ನಲ್ಲ, ಆರು."

ನಾನು ಅವನ ಕಾಲಿನ ಕಡೆ ನೋಡಿದೆ. ನೋಡಬಾರದಿತ್ತು. ಅವನು ಟವೆಲ್ ಎಳೆದು ಅದರ ಮೇಲೆ ಹಾಕಿಕೊಂಡ.

"ತಪ್ಪಾಯ್ತು ವೇಣು. ನಾಳೆಯಿಂದ ಆ ಕೆಲ್ಸಕ್ಕೆ ಓಗಲ್ಲ ನಾನು" ಅಂದೆ.

"ಓಗಲ್ಲ ಅಂದ್ರೆ ನಂಗೆ ಕಾಲು ಬತ್ತದಾ?" ಅಂದ. ಧ್ವನಿ ಏರಿಸಲಿಲ್ಲ. "ಓಗು. ನಿಂಗಾದ್ರೂ ಸಿಕ್ತಲ್ಲ. ನಮ್ಮನೇಗೆ ಮಾತ್ರ ಇನ್ಮೇಲೆ ಬರ್ಬೇಡ. ಶಶಿಗೆ ಇದು ಗೊತ್ತಿಲ್ಲ. ಅವ್ಳು ಇವತ್ತಿಗೂ ನಮ್ ಶೀನಣ್ಣ ಒಬ್ರೇ ಕೈ ಬಿಡ್ಲಿಲ್ಲ ಅಂತಾಳೆ. ನೀನು ಇಲ್ಲಿ ಕೂತಿದ್ರೆ ಅದನ್ನ ಕೇಳ್ಕೊಂಡು ಸುಮ್ನಿರಕ್ಕೆ ನನ್ ಕೈಲಾಗಾಕಿಲ್ಲ."

ನವ್ಯ ಸ್ಕೂಲಿನಿಂದ ಬಂದಳು. ನನ್ನನ್ನು ನೋಡಿ, "ಮಾಮಾ, ಊಟ ಆಯ್ತಾ?" ಅಂದಳು. ಆಯಿತಮ್ಮ ಎಂದು ಎದ್ದೆ.

ಕ್ಯಾಸಂಬಳ್ಳಿಯ ಬಸ್ ನಿಲ್ದಾಣದಲ್ಲಿ ತುಂಬ ಹೊತ್ತು ಕೂತಿದ್ದೆ. ಕೆಲಸ ಬಿಟ್ಟೇಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ. ಮನೆಗೆ ಬಂದು ಹೆಂಡತಿಗೆ ಹೇಳಲು ಬಾಯಿ ತೆರೆದೆ, ಅವಳು ಬೇರೇನೋ ಮಾತಾಡಿದಳು, ಹೇಳಲಿಲ್ಲ. ಮರುದಿನ ಎಂಟು ಗಂಟೆಗೆ ಶೆಡ್ಡಿನ ಬೀಗ ತೆಗೆಯಬೇಕಿತ್ತು. ಹೋಗಿ ತೆಗೆದೆ.